ಹೋದವರ ಅಪ್ಪಣೆ

ಕೆಳಗೇರಿಯ ಬಾಗಿಲು ಮುಚ್ಚಬೇಕೆಂಬ ಅಪ್ಪಣೆ ಬಂದ ದಿನ ನಾನು ಮನೆಯ ಹಿಂದೆ ಅಣಬೆ ಒಣಹಾಕುತ್ತಿದ್ದೆ. ದೊಡ್ಡ ಸೂರ್ಯ ನೆತ್ತಿಯ ಮೇಲಿದ್ದ, ಚಿಕ್ಕವನು ಇನ್ನೂ ಬಂಡೆಯ ಅಂಚು ದಾಟಿರಲಿಲ್ಲ. ಆ ಹೊತ್ತಿನಲ್ಲಿ ಮೇಲೂರಿನಿಂದ ಯಾರೂ ಇಳಿದು ಬರುವುದಿಲ್ಲ, ಮೆಟ್ಟಿಲು ಕಾದು ಅಂಗಾಲು ಸುಡುತ್ತದೆ. ಅಂಥದ್ದರಲ್ಲಿ ನಮ್ಮಕ್ಕ ಅರಿಲವ್ವ ಬಂದಳು. ಐವತ್ತನಾಲ್ಕು ವರ್ಷದ ಹೆಂಗಸು ಮುನ್ನೂರು ಮೆಟ್ಟಿಲು ಇಳಿದು ಬಂದು, ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ನೀರಿನ ಹಂಡೆಯ ಪಕ್ಕ ಕೂತುಬಿಟ್ಟಳು. ನೀರು ಕೊಟ್ಟೆ, ಕುಡಿಯಲಿಲ್ಲ. ಮಕ್ಕಳನ್ನು ಕರೆದುಕೊಂಡು ಐದು ತಿಂಗಳು ತನ್ನ ಮನೆಗೆ ಬಂದಿರು ಎಂದಳು. ಯಾಕೆ ಎಂದು ಕೇಳಿದರೆ ನೆಲ ನೋಡಿದಳು. ನಮ್ಮವರಿಗೆ ಕಣ್ಣಿಗೆ ಎರಡು ರೆಪ್ಪೆ. ಹೊರಗಿನದು ನಿದ್ದೆಗೆ, ಒಳಗಿನದು ಧೂಳಿಗೆ. ಅಂದು ಗಾಳಿಯೇ ಇರಲಿಲ್ಲ, ಆದರೂ ಅವಳ ಒಳರೆಪ್ಪೆ ಅರ್ಧ ಇಳಿದಿತ್ತು.

ಅಕ್ಕ ಮೇಲೂರಿನ ಕೇಳುಮನೆಯಲ್ಲಿ ಕೇಳುಗಿತ್ತಿ. ಹೋದವರ ಮಾತನ್ನು ಕೇಳಿ, ಬರೆದು, ವಾರಕ್ಕೊಮ್ಮೆ ಓದುಗಲ್ಲಿನ ಮೇಲೆ ನಿಂತು ಜನರಿಗೆ ಓದಿ ಹೇಳುವುದು ಅವಳ ಕೆಲಸ. ಅದಕ್ಕೆ ಮೊದಲು ನಮ್ಮಪ್ಪನ ಕೆಲಸವೂ ಅದೇ ಆಗಿತ್ತು. ನಮ್ಮಲ್ಲಿ ಇರುವವರು ಆಳುವುದಿಲ್ಲ, ಹೋದವರು ಆಳುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಮೇಲೂರಿನ ಬಯಲಿನಿಂದ ಒಂದು ನೌಕೆ ಏಳುತ್ತದೆ, ಅದರಲ್ಲಿ ನೂರಿಪ್ಪತ್ತು ಜನ. ಹತ್ತಿದವರು ಮತ್ತೆ ಬರುವಂತಿಲ್ಲ. ಹತ್ತಿದ ಗಳಿಗೆಯಿಂದ ಅವರಿಗೆ ನಮ್ಮ ಮೇಲೆ ಅಧಿಕಾರ. ಇಲ್ಲಿ ಮನೆ, ಮಕ್ಕಳು, ನೆರೆಹೊರೆ ಇಟ್ಟುಕೊಂಡವನು ನ್ಯಾಯ ಹೇಳಲು ಕೂತರೆ ತನ್ನ ಕಡೆಗೇ ಎಳೆದುಕೊಳ್ಳುತ್ತಾನೆ, ಇಲ್ಲಿಂದ ಏನೂ ಬೇಡವಾದವರು ಮಾತ್ರ ಸರಿಯಾಗಿ ತೀರ್ಮಾನಿಸಬಲ್ಲರು ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಹೋದವರೆಲ್ಲ ಸೇರುವ ಜಾಗ ದೂರ. ನಮ್ಮ ದನಿ ಅಲ್ಲಿಗೆ ಮುಟ್ಟಲು ಹತ್ತೊಂಬತ್ತು ವರ್ಷ, ಅವರ ಉತ್ತರ ಇಲ್ಲಿಗೆ ಬರಲು ಇನ್ನು ಹತ್ತೊಂಬತ್ತು.

ಜನ ಅದಕ್ಕೆ ಹೊಂದಿಕೊಂಡಿದ್ದರು. ಗೋಡೆಯ ಜಗಳದ ತೀರ್ಪು ಬರುವ ಹೊತ್ತಿಗೆ ಗೋಡೆಯೂ ಇರುತ್ತಿರಲಿಲ್ಲ, ಜಗಳವಾಡಿದವರೂ ಇರುತ್ತಿರಲಿಲ್ಲ. ಮೊಮ್ಮಕ್ಕಳು ಆ ಜಾಗಕ್ಕೆ ಹೋಗಿ ಗಾಳಿಯಲ್ಲಿ ಕೈಯಾಡಿಸಿ ಗೋಡೆ ಕೆಡವಿದ ಶಾಸ್ತ್ರ ಮಾಡಿ ಬರುತ್ತಿದ್ದರು. ನಮ್ಮ ಪಕ್ಕದ ಮನೆಯ ಮುದುಕಿಗೆ ಗಂಡನನ್ನು ಬಿಡಲು ಅಪ್ಪಣೆ ಸಿಕ್ಕಿದ್ದು ಅವನು ಸತ್ತ ಒಂಬತ್ತು ವರ್ಷಕ್ಕೆ. ಅವಳು ಗೋರಿಯ ಮುಂದೆ ನಿಂತು ಬಿಡುಗಡೆಯ ಮಾತು ಹೇಳಿ ಬಂದಳು. ಹದಿನೆಂಟನೆಯ ವಯಸ್ಸಿನಲ್ಲಿ ಕಬ್ಬಿಣ ಕದ್ದ ಒಬ್ಬನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಎರಡು ವರ್ಷದ ಸೆರೆ ಬಂತು. ಅವನ ಮಗಳು ದಿನಾ ಊಟ ಕಟ್ಟಿಕೊಂಡು ಹೋಗುತ್ತಿದ್ದಳು, ಪಹರೆಯವನೂ ಅವನೂ ಕೂತು ಉಣ್ಣುತ್ತಿದ್ದರು. ಹೀಗೆ ನಡೆದಿತ್ತು. ಅಪ್ಪಣೆಯನ್ನು ಯಾರೂ ಮೀರುತ್ತಿರಲಿಲ್ಲ. ಹಾಗೆಂದು ಅಪ್ಪಣೆಯಿಂದ ಯಾರಿಗೂ ದೊಡ್ಡ ಪೆಟ್ಟು ಬೀಳುವಂತೆಯೂ ಬಿಡುತ್ತಿರಲಿಲ್ಲ.

ಅಂದು ನಾನು ಬಿಡದೆ ಕೇಳಿದ್ದಕ್ಕೆ ಅಕ್ಕ ಕೊನೆಗೂ ಬಾಯಿಬಿಟ್ಟಳು. ಮೂವತ್ತೆಂಟು ವರ್ಷದ ಹಿಂದೆ ಕೆಳಗೇರಿಯಲ್ಲಿ ಜ್ವರ ಬಂದಿತ್ತು. ನಮ್ಮವ್ವ ಕೆಳಗೇರಿಯ ಮಗಳು. ತವರಿನವರನ್ನು ನೋಡಿಕೊಳ್ಳಲು ಇಳಿದು ಹೋದವಳು ಅಲ್ಲೇ ಸತ್ತಳು. ಆಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಅವ್ವ ಸತ್ತ ದಿನವೇ ಅಪ್ಪ ಕೇಳುಮನೆಗೆ ಹೋಗಿ ಬಿನ್ನಹ ಕಳಿಸಿದ್ದ. ಕೆಳಗೇರಿಯಲ್ಲಿ ಜ್ವರ ಎದ್ದಿದೆ, ಬಾಗಿಲು ಮುಚ್ಚೋಣವೇ ಎಂದು ಕೇಳಿದ್ದ. ಜ್ವರ ಎರಡು ತಿಂಗಳಿಗೆ ತಾನಾಗಿಯೇ ಇಳಿಯಿತು. ಉಳಿದವರು ಬದುಕಿದರು, ಮದುವೆಯಾದರು. ನಾನೂ ಅದೇ ಕೇರಿಗೆ ಸೊಸೆಯಾಗಿ ಬಂದು ಇಬ್ಬರು ಹೆಣ್ಣುಮಕ್ಕಳ ತಾಯಿಯಾದೆ. ಈಗ ಉತ್ತರ ಬಂದಿತ್ತು. ಮುಚ್ಚಿರಿ, ನಾವು ಹೇಳುವವರೆಗೆ ತೆಗೆಯಬೇಡಿರಿ ಎಂದಿತ್ತು.

ಕೆಳಗೇರಿ ಇರುವುದು ಹಳೆಯ ಕಲ್ಲುಗಣಿಯ ತಳದಲ್ಲಿ. ಸುತ್ತ ಕಡಿದ ಬಂಡೆ, ಹತ್ತಲು ಒಂದೇ ಮೆಟ್ಟಿಲ ಸಾಲು, ಅದರ ತಲೆಯಲ್ಲಿ ಧೂಳಿನ ಗಾಳಿ ತಡೆಯಲು ಹಾಕಿದ ಕಬ್ಬಿಣದ ಬಾಗಿಲು. ನಾನೂರು ಮನೆ. ನಾವು ಗುಹೆಗಳಲ್ಲಿ ಅಣಬೆ ಬೆಳೆಯುತ್ತೇವೆ, ಮೇಲಿನವರು ಕಾಳು ಬೆಳೆಯುತ್ತಾರೆ. ಕುಡಿಯುವ ನೀರು ಮೇಲೂರಿನ ತೊಟ್ಟಿಯಿಂದ ಒಂದು ಕೊಳವೆಯಲ್ಲಿ ಬರುತ್ತದೆ.

ಅಕ್ಕನಿಗೆ ಒಂದು ಆಸೆ ಉಳಿದಿತ್ತು. ಜ್ವರ ಹೋದ ಮೇಲೆ ಅಪ್ಪ ಇನ್ನೊಂದು ಮಾತು ಕಳಿಸಿದ್ದ. ಮೊದಲ ಬಿನ್ನಹ ಹೋದ ಐದು ತಿಂಗಳಿಗೆ ಕಳಿಸಿದ ಅದರ ನಕಲನ್ನು ಕೇಳುಮನೆಯ ಪೆಟ್ಟಿಗೆಯಲ್ಲಿ ಅವಳು ಹಿಂದೆಂದೋ ನೋಡಿದ್ದಳು. ಅದಕ್ಕೂ ಉತ್ತರ ಬರಬೇಕು, ಇನ್ನು ಐದು ತಿಂಗಳಿಗೆ ಬರುತ್ತದೆ, ಅಲ್ಲಿಯವರೆಗೆ ಈ ಅಪ್ಪಣೆಯನ್ನು ಓದದೆ ಇಟ್ಟುಕೊಳ್ಳುತ್ತೇನೆ ಎಂದಳು. ಅಪ್ಪಣೆ ನುಂಗುವುದು ನಮ್ಮಲ್ಲಿ ಕೊಲೆಗಿಂತ ದೊಡ್ಡ ತಪ್ಪು. ಅಕ್ಕ ಜೀವನದಲ್ಲಿ ಒಂದು ಅಕ್ಷರವನ್ನೂ ಹೆಚ್ಚುಕಡಿಮೆ ಓದಿದವಳಲ್ಲ.

"ಹಾಗಾದ್ರೆ ನನ್ನ ಮಕ್ಕಳನ್ನ ಯಾಕೆ ಮೇಲೆ ಕರೀತೀಯ?" ಎಂದು ಕೇಳಿದೆ.

"ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ ಕಣೆ" ಎಂದಳು.

ನಾನು ಮಕ್ಕಳನ್ನು ಕರೆದುಕೊಂಡು ಮೇಲೆ ಹೋದೆ. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಅಕ್ಕನಿಗೆ ಮೈಸರಿಯಿಲ್ಲ ಎಂದು ಗಂಡ ಇರುಳಪ್ಪನಿಗೆ ಸುಳ್ಳು ಹೇಳಿದೆ. ಅವನ ತಾಯಿ ಚುಕ್ಕೆವ್ವನಿಗೆ ಮೊಣಕಾಲು ಮಡಚುತ್ತಿರಲಿಲ್ಲ, ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅವರಿಬ್ಬರನ್ನೂ, ನಾನೂರು ಮನೆಯವರನ್ನೂ ಕೆಳಗೆ ಬಿಟ್ಟು, ಬೆನ್ನಿಗೆ ಗಂಟು ಕಟ್ಟಿಕೊಂಡು ಹತ್ತಿದೆ. ಮೆಟ್ಟಿಲಲ್ಲಿ ಎದುರಾದವರೆಲ್ಲ ಅಕ್ಕನನ್ನು ಚೆನ್ನಾಗಿ ನೋಡಿಕೋ ಎಂದರು. ಹದಿನೆಂಟು ದಿನ ಇದ್ದೆ. ಆಮೇಲೆ ಕೆಳಗಿನವರನ್ನು ಬಿಟ್ಟಿರಲಾಗದೆ ಮಕ್ಕಳೊಂದಿಗೆ ವಾಪಸು ಬಂದುಬಿಟ್ಟೆ.

ಹೋದವರು ಒಂದು ಅಪ್ಪಣೆಯನ್ನು ಮೂರು ದಿನ ಮೂರು ಸಲ ಹೇಳುತ್ತಾರೆ. ಹಾಗಾಗಿ ಅಕ್ಕ ಒಬ್ಬಳೇ ಅದನ್ನು ನುಂಗಲು ಸಾಧ್ಯವಿರಲಿಲ್ಲ. ಕೇಳುಮನೆಯಲ್ಲಿ ಅವಳ ಜೊತೆಗಾರ ಬೆಳಗಯ್ಯ ಎಂಬ ಹಿರಿಯ ಇದ್ದ. ಎರಡನೆಯ ಸಲ ಅದನ್ನು ಕೇಳಿಸಿಕೊಂಡವನು ಅವನೇ. ಅಕ್ಕ ಅವನ ಕಾಲು ಹಿಡಿದಳಂತೆ. ಐದು ತಿಂಗಳು ಮಾತ್ರ, ಅದಕ್ಕಿಂತ ಒಂದು ದಿನ ಹೆಚ್ಚಾದರೂ ನಾನು ಹೇಳಿಬಿಡುತ್ತೇನೆ ಎಂದು ಅವನು ಒಪ್ಪಿದ. ಅಂದಿನಿಂದ ಅವನಿಗೆ ನಿದ್ದೆ ಹೋಯಿತು. ನಾವು ಮೂವರು ಆ ಐದು ತಿಂಗಳನ್ನು ದಿನ ಎಣಿಸುತ್ತ ಕಳೆದೆವು. ಕೇರಿಯಲ್ಲಿ ಎರಡು ಮದುವೆಯಾದವು. ಆ ಸಲ ಅಣಬೆ ಬೆಳೆ ಚೆನ್ನಾಗಿ ಬಂತು. ನನ್ನ ದೊಡ್ಡ ಮಗಳಿಗೆ ಮೇಲೂರಿನ ಕಮ್ಮಾರರ ಮನೆಯಿಂದ ಸಂಬಂಧ ಬಂತು, ಆಮೇಲೆ ನೋಡೋಣ ಎಂದು ನಾನು ತಳ್ಳಿಹಾಕಿದಾಗ ಇರುಳಪ್ಪ ನನ್ನ ಮೇಲೆ ಸಿಟ್ಟಾದ.

ಎರಡನೆಯ ಉತ್ತರ ಬರಬೇಕಾದ ದಿನ ಬಂತು, ಹೋಯಿತು. ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಒಂದು ಅಪ್ಪಣೆ ಬಂತು, ಅದು ಅಪ್ಪನ ಮಾತಿಗಿಂತ ನಾಲ್ಕು ದಿನ ಈಚೆಗೆ ಯಾರೋ ಕಳಿಸಿದ್ದ ಬೀಜದ ಹಂಚಿಕೆಯ ಬಿನ್ನಹಕ್ಕೆ ಉತ್ತರ. ಅಂದರೆ ಸರದಿ ಮುಂದೆ ಹೋಗಿತ್ತು. ಅಕ್ಕ ಪೆಟ್ಟಿಗೆ ತೆಗೆದು ಅಪ್ಪನ ನಕಲನ್ನು ಮತ್ತೆ ಓದಿದಳು. "ಕೆಳಗೇರಿಯ ಜ್ವರ ಹೋಯಿತು. ಹೆಂಡತಿ ತೀರಿಕೊಂಡಳು. ಮಕ್ಕಳು ಚೆನ್ನಾಗಿದ್ದಾರೆ" ಎಂದಿತ್ತು. ಅಷ್ಟೇ. ಅಪ್ಪ ಏನನ್ನೂ ಕೇಳಿರಲಿಲ್ಲ. ಹೋದವರು ಉತ್ತರ ಕೊಡುವುದು ಪ್ರಶ್ನೆಗೆ ಮಾತ್ರ.

ಬೆಳಗಯ್ಯ ಇನ್ನು ತನ್ನಿಂದಾಗದು, ನಾಳೆ ಪಾಲಕನಿಗೆ ಹೇಳುತ್ತೇನೆ ಎಂದ. ಪಾಲಕ ಅಂದರೆ ಅಪ್ಪಣೆಗಳನ್ನು ಇಲ್ಲಿ ನಡೆಸುವವನು. ಆಗ ಮೂಡಲಯ್ಯ ಎಂಬುವನು ಪಾಲಕನಾಗಿದ್ದ, ಒಳ್ಳೆಯ ಮಾತಿನ ಮನುಷ್ಯ. ನೀವು ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಅಕ್ಕ ಮುಂದಿನ ಓದಿನ ದಿನ ಓದುಗಲ್ಲಿನ ಮೇಲೆ ಹತ್ತಿ ಎಲ್ಲವನ್ನೂ ಹೇಳಿದಳು. ಅಪ್ಪಣೆಯನ್ನು ಓದಿದಳು, ಐದು ತಿಂಗಳು ನುಂಗಿದ್ದನ್ನು ಹೇಳಿದಳು, ಅಪ್ಪನ ನಕಲನ್ನೂ ಓದಿದಳು. ಕೆಳಗೇರಿಯವರು ನಾವೂ ಅಲ್ಲಿದ್ದೆವು. ಯಾರೂ ಕೂಗಲಿಲ್ಲ.

ಮೂಡಲಯ್ಯ ಮೆಲ್ಲಗೆ ಮಾತು ತೆಗೆದ. ಜ್ವರ ಇಲ್ಲವೆಂದು ಎಲ್ಲರಿಗೂ ಗೊತ್ತು, ಆದರೆ ಅಪ್ಪಣೆ ಅಪ್ಪಣೆಯೇ, ಶಾಸ್ತ್ರಕ್ಕೆ ಬಾಗಿಲು ಹಾಕೋಣ, ಬಾಗಿಲಿನಲ್ಲಿರುವ ದಿಡ್ಡಿ ತೆರೆದೇ ಇರುತ್ತದೆ, ಎಲ್ಲರೂ ಅದರಲ್ಲಿ ಬಗ್ಗಿ ಓಡಾಡಿದರಾಯಿತು ಎಂದ. ಜನ ಉಸಿರು ಬಿಟ್ಟರು. ಗೋಡೆ ಕೆಡವಿದ ಶಾಸ್ತ್ರದಂತೆ ಇದೂ ಒಂದು. ಬಾಗಿಲು ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಅಂದೇ ಕಳಿಸುವುದೆಂದಾಯಿತು. ಅಕ್ಕನ ತಪ್ಪಿಗೆ ಏನು ಶಿಕ್ಷೆ ಎಂದೂ ಕೇಳಿ ಕಳಿಸಬೇಕಾಯಿತು. ಅದು ಬರುವ ಹೊತ್ತಿಗೆ ಅವಳಿಗೆ ತೊಂಬತ್ತೆರಡು. ಕೆಲವರು ನಕ್ಕರು, ಅಕ್ಕನೂ ನಕ್ಕಳು. ಆ ಎರಡು ಪ್ರಶ್ನೆಗಳನ್ನೂ ಅವಳೇ ತನ್ನ ಕೈಯಿಂದ ಕಳಿಸಿ ಕೇಳುಮನೆಯ ಕೆಲಸ ಬಿಟ್ಟಳು. ಆಮೇಲೆ ಕೆಳಗೇರಿಗೆ ಬಂದು ಮನೆಮನೆಗೆ ಹೋಗಿ, ಹೆದರಬೇಡಿ, ಬರೀ ಶಾಸ್ತ್ರ ಎಂದು ಸಮಾಧಾನ ಹೇಳಿದಳು. ಕೆಲವರು ಮಕ್ಕಳನ್ನು ಕರೆದುಕೊಂಡು ಮೇಲೆ ಹೋಗಿಬಿಡೋಣ ಎಂದು ಗಂಟು ಕಟ್ಟಿದ್ದರು. ಅಕ್ಕನ ಮಾತು ಕೇಳಿ ಗಂಟು ಬಿಚ್ಚಿದರು.

ಬಾಗಿಲು ಹಾಕಿದ ದಿನ ಮೇಲಿನವರು ನಮಗೆ ಬೆಲ್ಲದ ಉಂಡೆ ಹಂಚಿದರು. ಮೂರು ತಿಂಗಳು ಎಲ್ಲ ಮೊದಲಿನಂತೆಯೇ ಇತ್ತು. ಅಣಬೆ ಮೇಲೆ ಹೋಗುತ್ತಿತ್ತು, ಕಾಳು ಕೆಳಗೆ ಬರುತ್ತಿತ್ತು, ದಿಡ್ಡಿಯಲ್ಲಿ ಬಗ್ಗಿ ಬಗ್ಗಿ ಸೊಂಟ ನೋವು ಎಂದು ಜನ ತಮಾಷೆ ಮಾಡುತ್ತಿದ್ದರು. ಆಮೇಲೆ ಮೇಲೂರಿನಲ್ಲಿ ಒಂದು ಮಗುವಿಗೆ ಕೆಮ್ಮು ಬಂತು. ಧೂಳಿನ ಕಾಲದಲ್ಲಿ ಎಲ್ಲ ಮಕ್ಕಳಿಗೂ ಬರುವ ಕೆಮ್ಮೇ. ಆ ಮಗುವಿನ ತಾಯಿ ಅಣಬೆ ಕೊಳ್ಳುವುದನ್ನು ನಿಲ್ಲಿಸಿದಳು. ಇನ್ನೊಬ್ಬಳು ಕೊಂಡಳು, ಆದರೆ ಬುಟ್ಟಿಗೆ ಹೊಗೆ ಹಾಕಿಸಿ ಕೊಂಡಳು. ನಂತರ ಎಲ್ಲರೂ ಹೊಗೆ ಹಾಕಿಸತೊಡಗಿದರು. ದಿಡ್ಡಿಯನ್ನು ಸಂಜೆ ಹಾಕುವುದು ರೂಢಿಯಾಯಿತು, ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ತೆಗೆಯುವುದು. ನಮ್ಮವರು ಹೋದರೆ ಓದುಗಲ್ಲಿನ ಹತ್ತಿರ ಮೇಲಿನವರು ಜಾಗ ಬಿಟ್ಟು ನಿಲ್ಲುತ್ತಿದ್ದರು. ಕಮ್ಮಾರರ ಮನೆಯವರು ನನ್ನ ಮಗಳ ಮಾತೇ ಎತ್ತಲಿಲ್ಲ. ಮೂಡಲಯ್ಯನನ್ನು ಕೇಳಿದರೆ, "ನಾನೇನೂ ಹೇಳಿಲ್ಲಮ್ಮ, ಜನ ತಾವೇ ಮಾಡ್ಕೊಂಡಿದಾರೆ. ನಾಲ್ಕು ದಿನ ಹೋಗ್ಲಿ, ಸರಿಹೋಗತ್ತೆ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೋದವರು ಬರೀ ಸುಮ್ಮನೆ ಹೇಳುತ್ತಾರೆಯೇ, ಅವರಿಗೆ ನಮಗಿಂತ ದೂರ ಕಾಣುತ್ತದೆ ಎಂಬ ಮಾತು ಮೇಲೂರಿನಲ್ಲಿ ಹಬ್ಬಿತ್ತು. ಮೂವತ್ತೆಂಟು ವರ್ಷದ ಹಿಂದಿನ ಜ್ವರಕ್ಕೆ ಬಂದ ಅಪ್ಪಣೆ ಈಗಿನ ಯಾವುದೋ ಜ್ವರಕ್ಕೇ ಬಂದದ್ದು ಎಂದು ಅವರು ನಂಬತೊಡಗಿದ್ದರು.

ದಿಡ್ಡಿ ತೆರೆದ ದಿನಗಳಲ್ಲೆಲ್ಲ ಅಕ್ಕ ಬಂದು ನನ್ನನ್ನು ನೋಡಿಹೋಗುತ್ತಿದ್ದಳು. ಎಂಟನೆಯ ತಿಂಗಳಲ್ಲಿ ಒಂದು ದಿನ ಬಂದಾಗ ಅಲ್ಲಿ ಇಟ್ಟಿಗೆ, ಗಾರೆ ಬಿದ್ದಿತ್ತು. ಮರುದಿನ ದಿಡ್ಡಿಗೆ ಗೋಡೆ ಕಟ್ಟುವವರಿದ್ದರು, ಕಾಳಿನ ಚೀಲವನ್ನು ಹಗ್ಗದಲ್ಲಿ ಇಳಿಸುವುದೆಂದು ಗೊತ್ತಾಗಿತ್ತು. ಒಳಗೆ ಹೋಗುವವರನ್ನು ಯಾರೂ ತಡೆಯುತ್ತಿರಲಿಲ್ಲ, ಹೊರಗೆ ಬರುವವರನ್ನು ಮಾತ್ರ. ಅಕ್ಕ ಮನೆಗೆ ಹೋಗಿ ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿಕೊಂಡು ಬಂದು ದಿಡ್ಡಿಯಲ್ಲಿ ಬಗ್ಗಿ ಒಳಗೆ ಬಂದಳು. ಯಾಕೆ ಬಂದೆ ಎಂದು ನಾನು ಬೈದೆ. "ಗಂಟು ಬಿಚ್ಚಿ ಅಂತ ಹೇಳಿದವಳು ನಾನೇ ಅಲ್ವಾ" ಎಂದಳು.

ಆ ವರ್ಷದ ಕೊನೆಯಲ್ಲಿ ನೌಕೆ ಹೊರಟಿತು. ನಾವು ಗಣಿಯ ತಳದಲ್ಲಿ ನಿಂತು ನೋಡಿದೆವು. ಬಂಡೆಯ ಅಂಚಿನ ಮೇಲೆ ಮೊದಲು ಹೊಗೆ ಕಾಣಿಸಿತು, ಆಮೇಲೆ ಬೆಂಕಿಯ ಒಂದು ಗೆರೆ ಮೇಲಕ್ಕೆ ಹೋಯಿತು, ತುಂಬ ತಡವಾಗಿ ಸದ್ದು ಬಂತು. ಮೇಲಿನ ಜನರ ಹಾಡು ಗಾಳಿಯಲ್ಲಿ ತುಂಡು ತುಂಡಾಗಿ ಕೇಳುತ್ತಿತ್ತು. ಮೂಡಲಯ್ಯ ಅದರಲ್ಲಿ ಹೋದನೆಂದು ಹಗ್ಗ ಇಳಿಸುವವರು ಹೇಳಿದರು. ಇನ್ನು ಅವನಿಗೂ ನಮ್ಮ ಮೇಲೆ ಅಧಿಕಾರ ಬಂತು ಎಂದು ಅಕ್ಕ ಹೇಳಿದಾಗ ಪಕ್ಕದಲ್ಲಿದ್ದ ಇರುಳಪ್ಪ ಒಳಗೆ ಹೋದ.

ಎರಡನೆಯ ವರ್ಷ ಕೊಳವೆಯ ನೀರು ಕಡಿಮೆಯಾಯಿತು. ಮೇಲೆ ತೊಟ್ಟಿ ಸೋರುತ್ತಿದೆ ಎಂದರು, ಹೊಸ ಹೊಲಕ್ಕೆ ಬಿಟ್ಟಿದ್ದಾರೆ ಎಂದರು. ಯಾವುದು ನಿಜವೋ ನಮಗೆ ತಿಳಿಯಲಿಲ್ಲ. ಮೊದಲಿನ ಮೂರರಲ್ಲಿ ಒಂದು ಪಾಲು ಬರುತ್ತಿತ್ತು. ಬಲವಿದ್ದವರು ಮೊದಲು ತುಂಬಿಕೊಂಡರು. ಕೊಳವೆಯ ಹತ್ತಿರ ಒಬ್ಬನ ತೋಳು ಮುರಿಯಿತು, ಒಬ್ಬ ಬಸುರಿ ಹೆಂಗಸು ನೂಕಾಟದಲ್ಲಿ ಬಿದ್ದು ಮಗು ಹೋಯಿತು. ಅಂದು ಜನ ಎಲ್ಲ ಸೇರಿ ನಮ್ಮ ಮನೆಯ ಮುಂದೆ ಬಂದರು. ಜೀವನವೆಲ್ಲ ಅಪ್ಪಣೆ ಓದಿದವಳು ನೀನು, ಯಾರಿಗೆ ಎಷ್ಟು ನೀರು ಎಂದು ನೀನೇ ಹೇಳು ಎಂದು ಅಕ್ಕನನ್ನು ಕೇಳಿದರು.

ಅಕ್ಕ ಮೂರು ಸಲ ಆಗದು ಎಂದಳು. "ನಾನು ಇಲ್ಲೇ ಇರೋಳು. ನನ್ನ ತಂಗಿ, ಅವಳ ಮಕ್ಕಳು ಇಲ್ಲಿದಾರೆ. ನಾನು ಹೇಳಿದ್ದು ನ್ಯಾಯ ಹೇಗಾಗತ್ತೆ?" ಎಂದು ಕೈಮುಗಿದಳು. ಅವಳು ಸೋಗು ಹಾಕುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಆ ಕಟ್ಟಳೆಯನ್ನು ಅವಳು ಮನಸಾರೆ ನಂಬಿದ್ದಳು.

ನನ್ನ ಅತ್ತೆ ಚುಕ್ಕೆವ್ವ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದಳು. "ಇಲ್ಲೇ ಇರೋಳು ಅಂತ್ಲೇ ನಿನ್ನನ್ನ ಕೇಳ್ತಿರೋದು ಕಣಮ್ಮ. ತಪ್ಪಾದ್ರೆ ಬಂದು ಕೇಳೋಕೆ ನಿನ್ನ ಮನೆ ಎಲ್ಲಿದೆ ಅಂತ ನಮಗೆ ಗೊತ್ತಿದೆ" ಎಂದಳು.

ಅಕ್ಕ ಎರಡು ದಿನ ಮನೆಮನೆ ತಿರುಗಿ, ಯಾರು ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಗುಹೆಗಳಿಗೆ ಎಷ್ಟು ನೀರು ಬೇಕು ಎಂದು ಕೇಳಿಕೊಂಡು ಬಂದಳು. ಅಣಬೆ ಒಣಗಿದರೆ ಎಲ್ಲರೂ ಸಾಯುತ್ತೇವೆ, ಮೇಲಿನಿಂದ ಬರುವ ಕಾಳು ಸಾಲುತ್ತಿರಲಿಲ್ಲ. ಮೂರನೆಯ ದಿನ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು. ದುಡಿಯುವವರಿಗೂ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ದಿನಕ್ಕೆ ನಾಲ್ಕು ಬೋಗುಣಿ, ಎಪ್ಪತ್ತು ದಾಟಿದವರಿಗೆ ಎರಡು. ಯಾರೂ ತಮ್ಮ ಪಾಲನ್ನು ಬೇರೆಯವರಿಗೆ ಕೊಡುವಂತಿಲ್ಲ, ಕೊಟ್ಟರೆ ಕೊಟ್ಟವರೂ ಬೀಳುತ್ತಾರೆ. ಕೊಳವೆಯ ಬುಡದಲ್ಲೇ ಕುಡಿದು ಹೋಗಬೇಕು, ನಡೆಯಲಾರದವರಿಗೆ ಮಾತ್ರ ಮನೆಗೆ. ಹೇಳುವಾಗ ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಕೇರಿಯಲ್ಲಿ ಎಪ್ಪತ್ತು ದಾಟಿದವರು ಮೂವತ್ತೊಂದು ಜನ. ಚುಕ್ಕೆವ್ವನಿಗೆ ಎಪ್ಪತ್ತಮೂರು.

ಅತ್ತೆ ದಿನದಿನಕ್ಕೆ ಒಣಗಿದಳು. ತುಟಿ ಸೀಳಿತು, ಒಳರೆಪ್ಪೆ ಅಂಟಿಕೊಂಡು ಮೇಲೇಳಲು ತ್ರಾಸಪಡುತ್ತಿತ್ತು. ನನ್ನನ್ನು ಸೊಸೆಯೆಂದು ಒಂದು ದಿನವೂ ಗದರದ ಹೆಂಗಸು. ನನ್ನ ಎರಡು ಬಾಣಂತನವನ್ನೂ ಮಾಡಿದವಳು. ನಾನು ಅಕ್ಕನ ಹತ್ತಿರ ಹೋಗಿ, ಒಂದೇ ಒಂದು ಬೋಗುಣಿ ಹೆಚ್ಚು ಕೊಡು ಎಂದು ಕೇಳಿದೆ. ಅವಳು ಬೋಗುಣಿ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.

"ಆಗಲ್ಲ ಕಣೆ."

"ನಾನು ನಿನ್ನ ತಂಗಿ."

"ಅದಕ್ಕೇ ಆಗಲ್ಲ. ಇವತ್ತು ನಿನಗೆ ಕೊಟ್ರೆ ನಾಳೆ ಮೂವತ್ತು ಮನೆಯೋರಿಗೆ ನಾನು ಏನು ಹೇಳ್ಲಿ?"

"ನೀನೂ ಹೋದವರ ಹಾಗೇ ಆದೆ" ಎಂದೆ. ಅದು ಅವಳಿಗೆ ಎಷ್ಟು ತಾಗುತ್ತದೆಂದು ತಿಳಿದೇ ಹೇಳಿದೆ.

ಅವಳು ಬೋಗುಣಿ ಕೆಳಗಿಟ್ಟು ನನ್ನನ್ನು ನೋಡಿದಳು. ಅಂದು ಸಂಜೆ ನಮ್ಮ ಮನೆಗೆ ಬಂದು ಚುಕ್ಕೆವ್ವನ ಕಾಲಬುಡದಲ್ಲಿ ತುಂಬ ಹೊತ್ತು ಕೂತು ಹೋದಳು. ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ, ಬೇಕೆಂದೇ ಹಿಂದಿನ ಅಂಗಳಕ್ಕೆ ಹೋಗಿ ನಿಂತಿದ್ದೆ. ಹೋದ ಮೇಲೆ ಅತ್ತೆ, ಅವಳನ್ನ ಬೈಬೇಡ ಎಂದಳು. ನಾನು ಬೈಯಲಿಲ್ಲ, ಮಾತೇ ಬಿಟ್ಟೆ.

ನಲವತ್ತನೆಯ ದಿನ ಅತ್ತೆ ಸತ್ತಳು. ಮೊದಲ ಎರಡು ತಿಂಗಳಲ್ಲಿ ಮೂವತ್ತೊಂದು ಜನರಲ್ಲಿ ಹದಿನೇಳು ಜನ ಹೋದರು. ಮಕ್ಕಳಲ್ಲಿ ಒಬ್ಬರೂ ಸಾಯಲಿಲ್ಲ, ಅಣಬೆಯೂ ಉಳಿಯಿತು. ಹಳೆಯ ಗುಹೆಗೆ ಅತ್ತೆಯನ್ನು ಒಯ್ಯುವಾಗ ಅಕ್ಕ ಬಂದು ಹೆಗಲು ಕೊಟ್ಟಳು. ಹೊತ್ತವರಿಗೆ ಸತ್ತವರ ಮನೆಯ ಹೆಂಗಸು ಕೈಗೆ ನೀರು ಹನಿಸಬೇಕು. ನಾನು ಉಳಿದ ಮೂವರಿಗೆ ಹನಿಸಿ ಒಳಗೆ ಬಂದುಬಿಟ್ಟೆ. ಅಕ್ಕ ಕೈ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳೆಂದು ಆಮೇಲೆ ಮಗಳು ಹೇಳಿದಳು.

ಎರಡು ವರ್ಷ ನಾನು ಅವಳೊಂದಿಗೆ ಮಾತಾಡಲಿಲ್ಲ. ಅವಳು ಮೆಟ್ಟಿಲ ಬುಡದ ಒಂದು ಖಾಲಿ ಕೋಣೆಗೆ ಹೋಗಿ ಇದ್ದಳು. ಜನ ದಿನಾ ಹೋಗುತ್ತಿದ್ದರು. ನೀರಿನ ತಕರಾರು, ಗುಹೆಯ ತಕರಾರು, ಗಂಡಹೆಂಡಿರ ಜಗಳ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆಯೊಳಗೆ ಉತ್ತರ ಸಿಗುತ್ತಿತ್ತು. ಕೆಲವರು ಬೈದರು, ಒಬ್ಬ ಅವಳ ಮುಖಕ್ಕೆ ಉಗಿದ. ಒಮ್ಮೆ ಒಂದು ಗುಹೆಯ ವಿಷಯದಲ್ಲಿ ಅವಳು ತಪ್ಪು ಹೇಳಿದ್ದಳು. ಅದು ಗೊತ್ತಾದ ದಿನ ಆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಹೇಳಿ ತೀರ್ಮಾನ ಬದಲಿಸಿದಳಂತೆ. ಇದನ್ನೆಲ್ಲ ನನಗೆ ಇರುಳಪ್ಪ ಹೇಳುತ್ತಿದ್ದ. ತಾಯಿಯನ್ನು ಕಳೆದುಕೊಂಡವನು ಅವನು, ಆದರೂ ಅವಳಲ್ಲಿಗೆ ಹೋಗಿಬರುತ್ತಿದ್ದ.

ನಾಲ್ಕನೆಯ ವರ್ಷ ಅವಳ ಎದೆಯಲ್ಲಿ ಧೂಳು ಕಟ್ಟಿತು. ಏಳಲಾಗುತ್ತಿಲ್ಲ, ನಿನ್ನನ್ನು ಕರೆಯುತ್ತಿದ್ದಾಳೆ ಎಂದು ಇರುಳಪ್ಪ ಬಂದು ಹೇಳಿದ. ಹೋದೆ. ಕೋಣೆಯಲ್ಲಿ ಅವಳ ಎರಡು ಸೀರೆ, ತಂಬಿಗೆ ಬಿಟ್ಟರೆ ಏನೂ ಇರಲಿಲ್ಲ. ಮೈ ಅರ್ಧಕ್ಕೆ ಇಳಿದಿತ್ತು. ನನ್ನ ಕೈ ಹಿಡಿದುಕೊಂಡಳು, ನಾನು ಬಿಡಿಸಿಕೊಳ್ಳಲಿಲ್ಲ.

"ನನ್ನಾದ್ಮೇಲೆ ನೀನು ಹೇಳು" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ನನ್ನಿಂದ ಆಗದು, ನನಗೆ ಓದೂ ಬಾರದು, ಬೇರೆ ಯಾರನ್ನಾದರೂ ನೋಡಿಕೋ ಎಂದೆ.

"ನಾನು ಕೊಟ್ಟ ತೀರ್ಮಾನದಲ್ಲಿ ನಿನ್ನಷ್ಟು ನೊಂದವರು ಬೇರೆ ಯಾರೂ ಇಲ್ಲ. ಹೇಳೋವಾಗ ನಿನಗೆ ಅದು ನೆನಪಿರತ್ತೆ. ಅಷ್ಟು ಸಾಕು." ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಆ ಒಂದು ಬೋಗುಣಿ ಕೊಡಬಹುದಿತ್ತೇನೋ. ದಿನಾ ಯೋಚನೆ ಮಾಡ್ತೀನಿ. ಗೊತ್ತಾಗಲ್ಲ."

ನಾನು ಅವಳಿಗೆ ಕುಡಿಯಲು ನೀರು ಹಿಡಿದೆ. ಎರಡು ಗುಟುಕು ಕುಡಿದಳು. ಮೂರನೆಯ ದಿನ ಮಧ್ಯಾಹ್ನ ಹೋದಳು. ಹೆಗಲು ಕೊಡಲು ಇಡೀ ಕೇರಿಯ ಗಂಡಸರು ಬಂದಿದ್ದರು, ಉಗಿದವನೂ ಬಂದಿದ್ದ.

ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸುವ ಮೊದಲೇ ಬಾಗಿಲಲ್ಲಿ ಜನ ನಿಂತಿದ್ದರು. ಹಿಂದಿನ ವಾರ ಗಾಳೆಪ್ಪ ಎನ್ನುವವನು ಕೊಳವೆಯಿಂದ ಪಾಲಿಗಿಂತ ಹೆಚ್ಚು ನೀರು ಒಯ್ದಿದ್ದ, ಸಿಕ್ಕಿಬಿದ್ದಿದ್ದ. ಅವನ ಹೆಂಡತಿ ಮೈಯೆಲ್ಲ ಹುಣ್ಣಾಗಿ ಮಲಗಿದ್ದಳು, ತೊಳೆಯಲು ನೀರು ಬೇಕಿತ್ತು. ಒಯ್ದದ್ದು ಒಂಬತ್ತು ಬೋಗುಣಿ. ಅಷ್ಟನ್ನು ಅವನ ಪಾಲಿನಿಂದ ಮುರಿಯಬೇಕೆಂದು ಕೆಲವರು, ಪಾಪ ಬಿಟ್ಟುಬಿಡಿ ಎಂದು ಕೆಲವರು. ಗಾಳೆಪ್ಪ ಗೋಡೆಗೆ ಒರಗಿ ನಿಂತಿದ್ದ. ನಾನು ಅವರನ್ನು ಒಳಗೆ ಕರೆದು ಕೂರಿಸಿದೆ. ಅವನ ಮನೆಗೆ ಹೋಗಿ ಹೆಂಡತಿಯನ್ನು ನೋಡಿಬಂದೆ. ಅವಳು ನನಗಿಂತ ಚಿಕ್ಕವಳು, ಬದುಕುವ ಹಾಗೆ ಕಾಣಲಿಲ್ಲ. ವಾಪಸು ಬಂದು, ಹುಣ್ಣು ತೊಳೆಯಲು ಇನ್ನು ದಿನಕ್ಕೆ ಅರ್ಧ ಬೋಗುಣಿ ಕೊಡುವುದು, ಆದರೆ ಕೇಳದೆ ಒಯ್ದ ಒಂಬತ್ತನ್ನು ಅವನ ಪಾಲಿನಿಂದ ದಿನಕ್ಕೊಂದರಂತೆ ಮುರಿಯುವುದು ಎಂದೆ. ಅವನು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಹೊರಟುಹೋದ.

ಹೆಂಡತಿ ಆರನೆಯ ದಿನ ತೀರಿಕೊಂಡಳು. ಉಳಿದ ಮೂರು ಬೋಗುಣಿಯನ್ನು ಬಿಟ್ಟುಬಿಡೋಣ ಎಂದು ನಾನು ಹೇಳಿಕಳಿಸಿದೆ, ಅವನು ಒಪ್ಪದೆ ಪೂರ್ತಿ ಮುರಿಸಿಕೊಂಡ. ಇದಾಗಿ ಹನ್ನೊಂದು ವರ್ಷವಾಯಿತು. ಅವನು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಅವನ ಮನೆ ನಮ್ಮ ಮನೆಯಿಂದ ಮೂರನೆಯದು. ದಿನಾ ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಸದ್ದು ನನಗೆ ಕೇಳುತ್ತದೆ.